ಓಡದ ಜನರೇಟರಿಗೂ ಬಾಡಿಗೆ ಉಂಟು

ಕಳೆದ ಏಪ್ರಿಲ್‌ನಲ್ಲಿ ಕಡಬದ ಹತ್ತಿರ ನಮ್ಮ ನೆಂಟರೊಬ್ಬರ ಮನೆಒಕ್ಕಲು. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು, ಪಂಜದ ಹತ್ತಿರದ ನಮ್ಮ ಮನೆಯಲ್ಲಿ ಮಿಂದು, ಅಪ್ಪನ ಜೊತೆ ಹೋಗಿ ಮೊದಲ ಪಂಕ್ತಿಗೇ ಕೂತಿದ್ದೆ. ಸಾರು, ಮೇಲಾರ ಎಲ್ಲ ಮುಗಿದು ಪಾಯಸ ಬರುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯ್ತು. ಫ್ಯಾನು ನಿಂತಿತು. ಚಪ್ಪರದ ಅಡಿಯಲ್ಲಿ ಇನ್ನೂರು ಜನ ಒಟ್ಟಿಗೆ ಬೆವರಲು ಶುರು ಮಾಡಿದರು.

ಎದುರು ಸಾಲಿನಲ್ಲಿದ್ದ ಮಾವ ನನ್ನನ್ನೇ ನೋಡಿ ಕೇಳಿದರು, "ಎಂತ ಮಾರಾಯ, ನಿನ್ನ ಗಾಳಿ ಕರೆಂಟ್ ಎಲ್ಲಿಗೆ ಹೋಯ್ತು? ಗಾಳಿ ನಿಂತಿತಾ?"

ಸಾಲಿಡೀ ನಕ್ಕಿತು. ವಿಷಯ ಏನೆಂದರೆ, ಒಮ್ಮೆ ಇದೇ ಮಾವನ ಮನೆ ಜಗಲಿಯಲ್ಲಿ ಕೂತು ಗಾಳಿ ವಿದ್ಯುತ್ತಿನ ಪರವಾಗಿ ನಾನು ಒಂದು ಗಂಟೆ ಭಾಷಣ ಬಿಗಿದಿದ್ದೆ. ಅವರು ಮರೆತಿಲ್ಲ :)

ನಾನು ಬಾಯಿ ತೆರೆಯುವ ಮೊದಲೇ ಅಂಗಳದ ಮೂಲೆಯಲ್ಲಿದ್ದ ಬಾಡಿಗೆ ಜನರೇಟರ್ ಗುಡುಗಿತು. ಫ್ಯಾನು ತಿರುಗಿತು, ಪಾಯಸವೂ ಬಂತು. ಕೈ ತೊಳೆದು ಬಂದವನು ಶಾಮಿಯಾನದ ಹುಡುಗನ ಹತ್ತಿರ ಬಾಡಿಗೆ ಹೇಗೆ ಅಂತ ಕೇಳಿದೆ. "ದಿನಕ್ಕೆ ಬಾಡಿಗೆ ಅಣ್ಣ, ಡೀಸೆಲ್ ಬೇರೆ" ಅಂದ. ಕರೆಂಟ್ ಹೋಗದೇ ಇದ್ದರೆ? ಅವನು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. "ಹೋಗದಿದ್ರೂ ಬಾಡಿಗೆ ಬಾಡಿಗೆಯೇ ಅಲ್ವಾ? ಗಾಡಿಯಲ್ಲಿ ತಂದು ಇಟ್ಟಾಗಿದೆ ಅಲ್ವಾ?"

ನಮ್ಮ ರಾಜ್ಯದ ವಿದ್ಯುತ್ ಚರ್ಚೆಯಲ್ಲಿ ದೊಡ್ಡ ದೊಡ್ಡವರ ತಲೆಗೆ ಹೋಗದ ವಿಷಯ ಈ ಹುಡುಗನಿಗೆ ಗೊತ್ತುಂಟು. ನಾನು ಇವತ್ತು ಜಗಳಕ್ಕೆ ಕೂತಿರುವುದು ಅದೇ ವಿಷಯಕ್ಕೆ.

*

ಮೊದಲು ಮಾವನಿಗೆ ಬಾಕಿ ಉಳಿದ ಉತ್ತರ. ಅವತ್ತು ಕಡಬದಲ್ಲಿ ಕರೆಂಟ್ ಹೋದದ್ದಕ್ಕೂ ಚಿತ್ರದುರ್ಗದ ಗಾಳಿಗೂ ಸಂಬಂಧ ಇಲ್ಲ. ನಮ್ಮ ಕಡೆ ಲೈನಿನ ಮೇಲೆ ಒಂದು ಹಲಸಿನ ಗೆಲ್ಲು ಬಿದ್ದರೆ ಮೂರು ಊರಿಗೆ ಕತ್ತಲೆ. ಬೇಸಿಗೆಯಲ್ಲಿ ಎಲ್ಲರ ತೋಟದ ಪಂಪು ಒಟ್ಟಿಗೆ ಓಡಿದರೆ ವೋಲ್ಟೇಜ್ ಪಾತಾಳಕ್ಕೆ. ಅದು ತಂತಿಯ ಕಥೆ, ಸಬ್‌ಸ್ಟೇಶನ್ನಿನ ಕಥೆ. 110 ಕೆವಿ ಸಬ್‌ಸ್ಟೇಶನ್ನಿಗಾಗಿ ಸುಳ್ಯದವರು ಎಷ್ಟು ಕಾದರು ಅಂತ ಈ ಭಾಗದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ರೋಗಕ್ಕೆ ಮದ್ದು ಬೇರೆ.

ನಾನು ಹೇಳುತ್ತಿರುವುದು ತಂತಿ ಸರಿಯಿದ್ದೂ ಕರೆಂಟ್ ಇಲ್ಲದ ದಿನಗಳ ಬಗ್ಗೆ. 2023 ನೆನಪು ಮಾಡಿಕೊಳ್ಳಿ. ಆ ವರ್ಷದ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ಲಿಂಗನಮಕ್ಕಿ ತುಂಬಲಿಲ್ಲ. ರಾಜ್ಯದ 200ಕ್ಕೂ ಹೆಚ್ಚು ತಾಲೂಕುಗಳು ಬರಪೀಡಿತ ಅಂತ ಘೋಷಣೆಯಾದವು. ಅಕ್ಟೋಬರ್ ಹೊತ್ತಿಗೆ ಗಾಳಿಯ ಸೀಸನ್ನೂ ಮುಗಿದಿತ್ತು. ಮಳೆ ಇಲ್ಲದ್ದಕ್ಕೆ ಬಯಲುಸೀಮೆಯ ಪಂಪುಗಳು ಆಗಲೇ ಓಡತೊಡಗಿದ್ದವು. 10 ಸಾವಿರ ಮೆಗಾವ್ಯಾಟ್ ಆಸುಪಾಸು ಇರಬೇಕಾದ ಬೇಡಿಕೆ 15 ಸಾವಿರ ಮುಟ್ಟಿತು. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹೊರತೆಗೆದು, ರಾಜ್ಯದ ಖಾಸಗಿ ಉತ್ಪಾದಕರು ಕರೆಂಟನ್ನು ರಾಜ್ಯಕ್ಕೇ ಕೊಡಬೇಕು ಅಂತ ಆದೇಶ ಮಾಡಿತು. ಉತ್ತರ ಪ್ರದೇಶ, ಪಂಜಾಬಿನ ಹತ್ತಿರ ಕೈಗಡ ಕೇಳಿತು. ಮತ್ತು... ರೈತರ ಪಂಪಿಗೆ ಕೊಡುತ್ತಿದ್ದ 7 ಗಂಟೆಯ ತ್ರೀ ಫೇಸ್ 5 ಗಂಟೆಗೆ ಇಳಿಯಿತು.

ಆ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಗ್ರಿಡ್ಡಿನ ಲೆಕ್ಕದಲ್ಲಿ 100 ಮೆಗಾವ್ಯಾಟ್ ಹೊಸದಾಗಿ ಉತ್ಪಾದಿಸುವುದೂ ಒಂದೇ, 100 ಮೆಗಾವ್ಯಾಟ್ ಪಂಪುಗಳನ್ನು ಆಫ್ ಮಾಡುವುದೂ ಒಂದೇ. ಹಾಗಾದರೆ ಗಾಳಿ ನಿಂತಾಗ, ನೀರು ಕಡಿಮೆಯಾದಾಗ ಕರ್ನಾಟಕದ ಸ್ಟ್ಯಾಂಡ್‌ಬೈ ಯಾರು? ಪಂಪಿನ ರೈತ. ಅಂದರೆ ನಮ್ಮಪ್ಪ. ಬಾಡಿಗೆ ಇಲ್ಲದ ಜನರೇಟರ್!

ನಮ್ಮ ಕಡೆ ಅಡಿಕೆ ತೋಟಕ್ಕೆ ನೀರು ಬೇಕಾಗುವುದು ಡಿಸೆಂಬರ್‌ನಿಂದ ಮೇ ವರೆಗೆ. ಮಾರ್ಚ್ 2024ರಲ್ಲಿ ರಾಜ್ಯದ ಬೇಡಿಕೆ 17 ಸಾವಿರ ಮೆಗಾವ್ಯಾಟ್ ದಾಟಿದಾಗ ನಮ್ಮ ತೋಟಕ್ಕೆ ತ್ರೀ ಫೇಸ್ ಬರುತ್ತಿದ್ದದ್ದು ನಡುರಾತ್ರಿ. ಅರವತ್ತೈದು ದಾಟಿದ, ಗಂಟು ನೋವಿನ ಮನುಷ್ಯ ಒಂದು ಗಂಟೆ ರಾತ್ರಿಗೆ ಟಾರ್ಚ್ ಹಿಡಿದು, ಕನ್ನಡಿ ಹಾವು ಓಡಾಡುವ ತೋಟದಲ್ಲಿ ಇಳಿದು, ಕೆರೆ ಬದಿಯ ಪಂಪ್ ಶೆಡ್ಡಿಗೆ ಹೋಗುವುದು. ಹೋಗದಿದ್ದರೆ? ಆ ಬಿಸಿಲಿಗೆ ಎಳೆ ನಳ್ಳಿ ಉದುರುತ್ತದೆ. ಒಂದು ವಾರದ ನೀರು ತಪ್ಪಿದರೆ ಹೊಡೆತ ಆ ವರ್ಷದ ಫಸಲಿಗೆ.

"ಬಿಟ್ಟಿ ಕರೆಂಟ್ ತಗೊಂಡು ಮಾತಾಡ್ತೀಯಾ?" ಅಂತ ಆಫೀಸಿನಲ್ಲಿ ಒಬ್ಬ ಗೆಳೆಯ ಕೇಳಿದ. ಹೌದು, 10 ಹೆಚ್‌ಪಿವರೆಗಿನ ಪಂಪಿಗೆ ಕರ್ನಾಟಕದಲ್ಲಿ ರೈತ ಬಿಲ್ ಕಟ್ಟುವುದಿಲ್ಲ, ಸರ್ಕಾರ ಕಟ್ಟುತ್ತದೆ. ಅಪ್ಪನನ್ನೇ ಕೇಳಿ ನೋಡಿ, ಬಿಲ್ ಬೇಕಾದರೆ ಹಾಕಿ, ಹಗಲು ಕೊಡಿ ಅನ್ನುತ್ತಾರೆ.

*

ಇಷ್ಟೆಲ್ಲ ಹೇಳಿದ ಮೇಲೂ ನಾನು ಗಾಳಿಯ ಪರವೇ. ಕರ್ನಾಟಕದ ಗಾಳಿ ವಿದ್ಯುತ್ ಸಾಮರ್ಥ್ಯ 7 ಸಾವಿರ ಮೆಗಾವ್ಯಾಟ್ ದಾಟಿದೆ. 2024-25ರ ಒಂದೇ ವರ್ಷದಲ್ಲಿ 1,331 ಮೆಗಾವ್ಯಾಟ್ ಸೇರಿಸಿ ದೇಶಕ್ಕೇ ಮೊದಲು ಬಂದೆವು. ಹೊಗೆ ಇಲ್ಲ, ಬೂದಿ ಇಲ್ಲ, ಒಮ್ಮೆ ನಿಲ್ಲಿಸಿದ ಮೇಲೆ ಇಂಧನದ ಬಿಲ್ಲೂ ಇಲ್ಲ.

ಆದರೆ ಗಾಳಿಗೆ ಒಂದು ಗುಣ ಉಂಟು. ವೇಗ ಅರ್ಧವಾದರೆ ಅದರ ಶಕ್ತಿ ಅರ್ಧವಾಗುವುದಿಲ್ಲ, ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಶಕ್ತಿ ಹೋಗುವುದು ವೇಗದ ಘನದ ಲೆಕ್ಕದಲ್ಲಿ. ಇತ್ತ ಗ್ರಿಡ್ ಅನ್ನುವುದು ಮಹಾ ಸಿಡುಕಿನ ಪ್ರಾಣಿ. ಬೇಡಿಕೆ ಮತ್ತು ಪೂರೈಕೆ ಕ್ಷಣಕ್ಷಣಕ್ಕೂ ಸಮ ಇರಬೇಕು, ಫ್ರೀಕ್ವೆನ್ಸಿ 49.90ರಿಂದ 50.05 ಹರ್ಟ್ಸ್ ಒಳಗೆ ನಿಲ್ಲಬೇಕು. ಅದಕ್ಕೇ ದಿನವನ್ನು 15 ನಿಮಿಷದ 96 ತುಂಡು ಮಾಡಿ, ಪ್ರತಿ ತುಂಡಿಗೂ ಎಷ್ಟು ಕರೆಂಟ್ ಕೊಡುತ್ತೀರಿ ಅಂತ ಗಾಳಿಯವರು ಮುಂಚಿತವಾಗಿ ಹೇಳಬೇಕು ಅಂತ ನಮ್ಮ ಕೆಇಆರ್‌ಸಿ 2015ರಲ್ಲೇ ನಿಯಮ ಮಾಡಿತು. ಲೆಕ್ಕ ಶೇ 15ಕ್ಕಿಂತ ಹೆಚ್ಚು ತಪ್ಪಿದರೆ ದಂಡ. ಒಳ್ಳೆಯ ನಿಯಮ. ಆದರೆ ಮಳೆ ಬರುತ್ತದೆ ಅಂತ ಗೊತ್ತಾದ ಮಾತ್ರಕ್ಕೆ ಕೈಯಲ್ಲಿ ಕೊಡೆ ಬರುವುದಿಲ್ಲ.

ಆ ಕೊಡೆ ಯಾವುದು ಅನ್ನುವುದೇ ಪ್ರಶ್ನೆ.

ಕಲ್ಲಿದ್ದಲು? ರಾಯಚೂರು, ಬಳ್ಳಾರಿಯ ಯೂನಿಟ್ಟುಗಳನ್ನು ಬೇಕಾಬಿಟ್ಟಿ ಏರಿಸಿ ಇಳಿಸಲು ಆಗುವುದಿಲ್ಲ. ಸಾಮರ್ಥ್ಯದ ಶೇ 55ರ ಕೆಳಗೆ ಇಳಿಸುವುದು ಕಷ್ಟ. ಪೂರ್ತಿ ತಣ್ಣಗಾದ ಬಾಯ್ಲರನ್ನು ಹೊತ್ತಿಸಿ ಗ್ರಿಡ್ಡಿಗೆ ಸೇರಿಸಲು ಅರ್ಧ ದಿನ ಹಿಡಿಯುತ್ತದೆ. ಅದನ್ನು ಸ್ಟ್ಯಾಂಡ್‌ಬೈ ಇಡುವುದೆಂದರೆ, ಯಾರಾದರೂ ಮೀಯಲು ಬಂದಾರು ಅಂತ ಬಚ್ಚಲೊಲೆಗೆ ದಿನವಿಡೀ ಕಟ್ಟಿಗೆ ತುರುಕಿದ ಹಾಗೆ.

ನೀರು? ಇದುವರೆಗೆ ಕರ್ನಾಟಕದ ಗಾಳಿಯನ್ನು ಸಾಕಿದ್ದೇ ನೀರು. ಶರಾವತಿಯ 1,035 ಮೆಗಾವ್ಯಾಟ್, ವಾರಾಹಿಯ 460 ಮೆಗಾವ್ಯಾಟ್, ಇವೆಲ್ಲ ಕೆಲವೇ ನಿಮಿಷಗಳಲ್ಲಿ ಏಳುವ ಯಂತ್ರಗಳು. ಇದಕ್ಕಿಂತ ಒಳ್ಳೆಯ ಜೊತೆಗಾರ ಗಾಳಿಗೆ ಸಿಗುವುದಿಲ್ಲ. ಆದರೆ ಒಂದು ಸಂಗತಿ ನಾವು ಮರೆಯುತ್ತೇವೆ. ನಮ್ಮ ಗಾಳಿಯ ಸೀಸನ್ನಿಗೂ ನಮ್ಮ ಅಣೆಕಟ್ಟಿನ ನೀರಿಗೂ ಯಜಮಾನ ಒಬ್ಬನೇ, ಮುಂಗಾರು. ಅವನು ಕೈಕೊಟ್ಟ ವರ್ಷ ಗಾಳಿ ಮುಗಿಯುವ ಹೊತ್ತಿಗೆ ಅಣೆಕಟ್ಟೂ ಅರ್ಧ ಖಾಲಿ, ಜೊತೆಗೆ ರೈತನ ಪಂಪೂ ಶುರು. 2023ರಲ್ಲಿ ಆದದ್ದು ಇದೇ.

ಬ್ಯಾಟರಿ? ಬೆಂಗಳೂರಿನ ನನ್ನ ಗೆಳೆಯರೆಲ್ಲ ಬ್ಯಾಟರಿ ಭಕ್ತರು. ಬೆಲೆ ಇಳಿಯುತ್ತಿರುವುದು ನಿಜ, ನನಗೂ ಸಂತೋಷವೇ. ಪಾವಗಡದ ಬಿಸಿಲನ್ನು ಸಂಜೆ ಏಳಕ್ಕೆ ಎತ್ತಿಡಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಈಗ ಟೆಂಡರ್ ಆಗುತ್ತಿರುವ ಬ್ಯಾಟರಿಗಳು ಎರಡು ಗಂಟೆ, ನಾಲ್ಕು ಗಂಟೆಯವು. ಶರಾವತಿಯಲ್ಲಿ ತಲಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ ಮಾಡಹೊರಟ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯೂ ಸಿಂಗಳೀಕನ ಕಾಡನ್ನು ಕೊರೆದು ಕೊಡುವುದು ಕೆಲವು ಗಂಟೆಗಳ ಸಂಗ್ರಹವನ್ನೇ. ಗಂಟೆಯ ಕೊರತೆಗೆ ಇವು ಮದ್ದು. ವಾರಗಟ್ಟಲೆ ಎಳೆಯುವ ಕೊರತೆಗೆ ಅಲ್ಲ. ಮೂರನೇ ದಿನ ಬ್ಯಾಟರಿ ತುಂಬಿಸುವ ಕರೆಂಟ್ ಎಲ್ಲಿಂದ ತರುವುದು?

ಉಳಿದದ್ದು ಗ್ಯಾಸ್. ಬಿಡಿ ಗ್ಯಾಸ್ ಟರ್ಬೈನ್ ಅರ್ಧ ಗಂಟೆಯೊಳಗೆ ಏಳುತ್ತದೆ. ಗ್ಯಾಸ್ ಎಂಜಿನ್ ಆದರೆ ಐದು ಹತ್ತು ನಿಮಿಷ. ಪೈಪಿನಲ್ಲಿ ಗ್ಯಾಸ್ ಇರುವವರೆಗೆ ಎಷ್ಟು ದಿನ ಬೇಕಾದರೂ ಓಡುತ್ತದೆ. ಮುಂಗಾರಿಗೂ ಅದಕ್ಕೂ ಸಂಬಂಧ ಇಲ್ಲ.

*

ಇಷ್ಟು ಹೇಳಿದ ಕೂಡಲೇ ಎರಡೂ ಕಡೆಯಿಂದ ಕಲ್ಲು ಬೀಳುತ್ತದೆ.

ಮಾವನ ಪಕ್ಷ: "ಗಾಳಿಗೆ ಗ್ಯಾಸಿನ ಊರುಗೋಲು ಬೇಕಾದರೆ ಗಾಳಿ ಯಾಕೆ ಬೇಕು?" ಮಾವ, ಚಪ್ಪರದಲ್ಲಿ ಜನರೇಟರ್ ತಂದಿಟ್ಟಿದ್ದಾರೆ ಅಂತ ನೀವು ಮನೆಯ ಕರೆಂಟ್ ಕನೆಕ್ಷನ್ ತೆಗೆಸುತ್ತೀರಾ? ಗಾಳಿ ಬೀಸಿದ ಪ್ರತಿ ಗಂಟೆಯೂ ಇಂಧನ ಉಳಿಯುತ್ತದೆ. ಇಷ್ಟಕ್ಕೂ ಊರುಗೋಲು ಗಾಳಿಗೆ ಮಾತ್ರ ಅಲ್ಲ. ಕೂಡಂಕುಳಂನ 1,000 ಮೆಗಾವ್ಯಾಟ್ ಯೂನಿಟ್ ಒಂದು ಟ್ರಿಪ್ ಆದರೆ ಸಾವಿರವೂ ಒಂದೇ ಕ್ಷಣಕ್ಕೆ ಹೋಗುತ್ತದೆ. ಗಾಳಿ ಇಳಿಯುವಾಗ ಹೇಳಿಯಾದರೂ ಇಳಿಯುತ್ತದೆ. ಸ್ಟ್ಯಾಂಡ್‌ಬೈ ಇಲ್ಲದ ಗ್ರಿಡ್ ಪ್ರಪಂಚದಲ್ಲಿ ಎಲ್ಲಿಯೂ ಇಲ್ಲ.

ಗೆಳೆಯರ ಪಕ್ಷ: "ಗ್ಯಾಸ್ ಕೂಡ ನೆಲದಡಿಯ ಇಂಧನ. ನೀನು ಪರಿಸರದ ಶತ್ರು." ಗ್ಯಾಸ್ ಪವಿತ್ರ ಅಂತ ನಾನು ಹೇಳಲಿಲ್ಲ. ಮೀಥೇನ್ ಸೋರಿದರೆ ಅದು ಇಂಗಾಲಕ್ಕಿಂತ ಕೆಟ್ಟದ್ದು. ಆದರೆ ಲೆಕ್ಕ ಮಾಡಿ. 370 ಮೆಗಾವ್ಯಾಟ್‌ನ ಒಂದು ಸ್ಥಾವರ ವರ್ಷದ 8,760 ಗಂಟೆಯಲ್ಲಿ 600 ಗಂಟೆ ಮಾತ್ರ ಓಡಿದರೆ 22 ಕೋಟಿ ಯೂನಿಟ್. ಯೂನಿಟ್ಟಿಗೆ ಸುಮಾರು 400 ಗ್ರಾಂ ಇಂಗಾಲದ ಡೈಆಕ್ಸೈಡ್ ಅಂದರೆ 90 ಸಾವಿರ ಟನ್. ಅಷ್ಟೇ ದೊಡ್ಡ ಕಲ್ಲಿದ್ದಲು ಯೂನಿಟ್ ಶೇ 85ರ ಲೆಕ್ಕದಲ್ಲಿ ವರ್ಷವಿಡೀ ಉರಿದರೆ 26 ಲಕ್ಷ ಟನ್. ನೀವು ಗ್ಯಾಸ್ ಬೇಡ ಅಂದಾಗ ಗಾಳಿಯ ಜಾಗಕ್ಕೆ ಬರುವುದು ಬ್ಯಾಟರಿ ಅಲ್ಲ ಸ್ವಾಮಿ, ಬಚ್ಚಲೊಲೆ. ಅದೂ ಸಾಲದಿದ್ದರೆ ಅಪ್ಪನ ಪಂಪು.

*

ಈಗ ನನಗೆ ನಿಜವಾಗಿ ಸಿಟ್ಟು ಬರುವ ಮೂರನೆಯ ಪಕ್ಷ. "ಓಡದ ಸ್ಥಾವರ ದಂಡ" ಅನ್ನುವವರು.

370 ಮೆಗಾವ್ಯಾಟ್ ಅಂದದ್ದು ಸುಮ್ಮನೆ ಅಲ್ಲ, ಅದು ಯಲಹಂಕದ್ದು. ಹಿಂದೆ ಕೆಪಿಸಿಯ ಡೀಸೆಲ್ ಸ್ಥಾವರ ಇದ್ದ ಜಾಗದಲ್ಲಿ ಕಟ್ಟಿದ, ರಾಜ್ಯದ ಮೊದಲ ಗ್ಯಾಸ್ ಸ್ಥಾವರ. ಖರ್ಚು 2 ಸಾವಿರ ಕೋಟಿ ರೂಪಾಯಿ ಮೇಲೆ. 2020ರ ಅಕ್ಟೋಬರ್‌ನಲ್ಲಿ ಪರೀಕ್ಷೆಯ ವೇಳೆ ಬೆಂಕಿ ಬಿದ್ದು ಕೆಲಸಗಾರರು, ಎಂಜಿನಿಯರ್‌ಗಳು ಗಾಯಗೊಂಡರು. ವರ್ಷಗಟ್ಟಲೆ ತಡವಾಗಿ, 2024ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. ಇದಕ್ಕೆ ಗ್ಯಾಸ್ ಬರುವುದು ದಾಭೋಲ್‌ನಿಂದ ಬೆಂಗಳೂರಿಗೆ ಹಾಕಿದ ಗೇಲ್ ಪೈಪಿನಲ್ಲಿ. ತಮಾಷೆ ನೋಡಿ, ಆ ಪೈಪು ಗದಗ, ಚಿತ್ರದುರ್ಗ ಜಿಲ್ಲೆಗಳನ್ನು ಹಾದೇ ಬರುತ್ತದೆ. ಮೇಲೆ ಗಾಳಿ, ಕೆಳಗೆ ಗ್ಯಾಸು. ಎರಡನ್ನೂ ಜೋಡಿ ಅಂತ ನೋಡುವ ಕಣ್ಣು ಮಾತ್ರ ಇಲ್ಲ.

ಯಲಹಂಕದ್ದು ಕಂಬೈಂಡ್ ಸೈಕಲ್. ಟರ್ಬೈನಿನಿಂದ ಹೊರಬರುವ ಬಿಸಿ ಹೊಗೆಯಲ್ಲಿ ನೀರು ಕುದಿಸಿ ಇನ್ನೊಂದು ಉಗಿ ಟರ್ಬೈನ್ ಓಡಿಸುವುದು. ಗ್ಯಾಸ್ ಉಳಿಯುತ್ತದೆ, ಆದರೆ ಪೂರ್ತಿ ತಣ್ಣಗಿದ್ದರೆ ಏಳಲು ಕೆಲವು ಗಂಟೆ ಬೇಕು. ಹಿಂದಿನ ದಿನ ಹೇಳಿದರೆ ಸಾಕು, ಗಾಳಿಯ ಮುನ್ಸೂಚನೆ ಅಷ್ಟು ಹೇಳುತ್ತದೆ. ಅದನ್ನು ಎಬ್ಬಿಸುವಷ್ಟು ಹೊತ್ತು ಶರಾವತಿಯ ನೀರು ಬಿಟ್ಟರಾಯಿತು.

ಗ್ಯಾಸ್ ದುಬಾರಿ, ಮುಚ್ಚಿಡುವುದಿಲ್ಲ. ಆಮದಾದ ಗ್ಯಾಸಿನಲ್ಲಿ ಇಂಧನದ ಖರ್ಚೇ ಯೂನಿಟ್ಟಿಗೆ 10 ರೂಪಾಯಿ ಅಂತ ಇಟ್ಟುಕೊಳ್ಳಿ. ಯಾವತ್ತೂ ಅಗ್ಗದ ಕರೆಂಟ್ ಮೊದಲು ಕೊಳ್ಳುವುದು ನಿಯಮ, ಹಾಗಾಗಿ ಗ್ಯಾಸಿನ ಸರದಿ ಬರುವುದು ಎಲ್ಲರಿಗಿಂತ ಕೊನೆಗೆ. ಅದು ಸರಿಯೇ! ಆದರೆ ಅದೇ ಕಾರಣಕ್ಕೆ "ನೋಡಿ, ಓಡುತ್ತಲೇ ಇಲ್ಲ, ಜನರ ದುಡ್ಡು ಹಾಳು" ಅಂತ ಶುರು ಮಾಡಿದರೆ ಶಾಮಿಯಾನದ ಹುಡುಗ ನಗುತ್ತಾನೆ. ದೇಶದಲ್ಲಿ 2024ರಲ್ಲಿ 25 ಸಾವಿರ ಮೆಗಾವ್ಯಾಟ್ ಆಸುಪಾಸು ಗ್ಯಾಸ್ ಸ್ಥಾವರಗಳಿದ್ದವು, ಹೆಚ್ಚಿನವು ಮಲಗಿರುತ್ತಿದ್ದವು. 2024ರ ಬೇಸಿಗೆಯಲ್ಲಿ ಸೆಖೆ ಏರಿದಾಗ ಕೇಂದ್ರ ಸರ್ಕಾರವೇ ಅದೇ 11ನೇ ಸೆಕ್ಷನ್ ಹಾಕಿ ಮೇ 1ರಿಂದ ಜೂನ್ 30ರ ವರೆಗೆ ಅವುಗಳನ್ನು ಎಬ್ಬಿಸಿತು. ಸಂಕಟ ಬಂದಾಗ ವೆಂಕಟರಮಣ!

ಈಗ ಲೆಕ್ಕ. ಯಲಹಂಕದ ಸಾಲ, ಬಡ್ಡಿ, ಸಂಬಳ, ರಿಪೇರಿ ಎಲ್ಲ ಸೇರಿ ವರ್ಷಕ್ಕೆ 300 ಕೋಟಿ ಅಂತ ಧಾರಾಳವಾಗಿಯೇ ಹಿಡಿಯೋಣ. ಇದು ಬಾಡಿಗೆ. 600 ಗಂಟೆಗೆ ಗ್ಯಾಸಿನ ಖರ್ಚು 222 ಕೋಟಿ. ಇದು ಡೀಸೆಲ್. ಒಟ್ಟು 522 ಕೋಟಿ. ಇಡೀ ರಾಜ್ಯ ವರ್ಷಕ್ಕೆ ಬಳಸುವುದು ಸುಮಾರು 9 ಸಾವಿರ ಕೋಟಿ ಯೂನಿಟ್. ಭಾಗಿಸಿ ನೋಡಿ, ಯೂನಿಟ್ಟಿಗೆ ಆರು ಪೈಸೆಗಿಂತ ಕಡಿಮೆ. ತಿಂಗಳಿಗೆ 100 ಯೂನಿಟ್ ಉರಿಸುವ ಮನೆಗೆ ಆರು ರೂಪಾಯಿ. ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಒಂದು ಚಾ ಬರುವುದಿಲ್ಲ. ಪ್ರತಿಯಾಗಿ ಏನು ಸಿಗುತ್ತದೆ? ಸೋರಿಕೆ ಎಲ್ಲ ಕಳೆದರೂ 5 ಹೆಚ್‌ಪಿಯ ಅರವತ್ತು ಸಾವಿರ ಪಂಪುಗಳು ಒಟ್ಟಿಗೆ ಓಡುವಷ್ಟು ಕರೆಂಟ್, ಕೇಳಿದ ದಿನ, ಹಗಲು ಹೊತ್ತಿಗೆ. 2023ರ ಹೊಂಡಕ್ಕೆ ಇದೊಂದೇ ಸಾಲದು, ಒಪ್ಪಿದೆ. ಇರುವ ಒಂದನ್ನೇ ಏನಕ್ಕೆ ಅಂತ ತಿಳಿಯದವರು ಎರಡನೆಯದನ್ನು ಹೇಗೆ ಕಟ್ಟುತ್ತಾರೆ ಅನ್ನುವುದು ನನ್ನ ಪ್ರಶ್ನೆ.

*

ನಮ್ಮ ಜಿಲ್ಲೆಯವರಿಗೆ ಈ ಪಾಠ ಹೊಸದೂ ಅಲ್ಲ. ತಣ್ಣೀರುಬಾವಿಯಲ್ಲಿ ಹೊಳೆಯ ಮೇಲೆ ತೇಲುತ್ತಿದ್ದ ವಿದ್ಯುತ್ ಸ್ಥಾವರ ನೆನಪುಂಟಾ? ಜಿಎಂಆರ್‌ನವರ 220 ಮೆಗಾವ್ಯಾಟ್‌ನ ಬಾರ್ಜ್ ಪ್ಲಾಂಟ್. 2001ರಲ್ಲಿ ಶುರುವಾಯಿತು. ಚಿಕ್ಕವನಿದ್ದಾಗ ಪಣಂಬೂರು ಬೀಚಿಗೆ ಹೋದಾಗಲೆಲ್ಲ ಅದನ್ನು ತೋರಿಸು ಅಂತ ಹಠ ಹಿಡಿಯುತ್ತಿದ್ದೆ. ಗ್ಯಾಸ್ ಇಲ್ಲದ್ದಕ್ಕೆ ಅದು ಓಡುತ್ತಿದ್ದದ್ದು ನಾಫ್ತಾದಲ್ಲಿ. ಭಾರೀ ದುಬಾರಿ. ಏಳು ವರ್ಷದ ಒಪ್ಪಂದ 2008ರಲ್ಲಿ ಮುಗಿಯಿತು, 2010ರಲ್ಲಿ ಪ್ಲಾಂಟನ್ನೇ ಎಳೆದುಕೊಂಡು ಕಾಕಿನಾಡಕ್ಕೆ ಹೋದರು, ಅಲ್ಲಿ ಕೃಷ್ಣಾ-ಗೋದಾವರಿ ಗ್ಯಾಸ್ ಸಿಗುತ್ತದೆ ಅಂತ. ಅಲ್ಲಿ ಗ್ಯಾಸೇ ಬತ್ತಿತು. ಇತ್ತ 2021ರ ಜನವರಿ 5ರಂದು ಕೊಚ್ಚಿ-ಮಂಗಳೂರು ಪೈಪ್‌ಲೈನ್ ಉದ್ಘಾಟನೆಯಾಯಿತು. 450 ಕಿಲೋಮೀಟರ್, ಕಾಸರಗೋಡಿನ ಚಂದ್ರಗಿರಿ ಹೊಳೆಯ ಅಡಿಯಲ್ಲಿ ಕೊರೆದು ದಾಟಿಸಿದ ಪೈಪು. ದೋಣಿ ಇದ್ದಾಗ ಗ್ಯಾಸ್ ಇಲ್ಲ, ಗ್ಯಾಸ್ ಬಂದಾಗ ದೋಣಿ ಇಲ್ಲ!

ಈಗ ಆ ಗ್ಯಾಸು ಮಂಗಳೂರಿನವರೆಗೆ ಉಂಟು. ಅಲ್ಲಿ ನೂರಿನ್ನೂರು ಮೆಗಾವ್ಯಾಟ್ ಗ್ಯಾಸ್ ಎಂಜಿನ್‌ಗಳನ್ನು ಬರೀ ಸ್ಟ್ಯಾಂಡ್‌ಬೈಗೆ ಅಂತಲೇ ಇಡಬಾರದಾ?

ನನ್ನ ಬೇಡಿಕೆ ನಾಲ್ಕೇ.

1. ಯಲಹಂಕವನ್ನು ವರ್ಷಕ್ಕೆ ಎಷ್ಟು ಯೂನಿಟ್ ಅಂತ ಅಳೆಯಬೇಡಿ. ಕರೆದಾಗ ಎಷ್ಟು ಹೊತ್ತಿಗೆ ಎದ್ದಿತು, ಎಷ್ಟು ಸಲ ಕೈಕೊಟ್ಟಿತು ಅಂತ ಅಳೆಯಿರಿ. ತಿಂಗಳಿಗೊಮ್ಮೆ ಓಡಿಸಿ ನೋಡಿ ಫಲಿತಾಂಶ ಜನರ ಮುಂದಿಡಿ.

2. ಗ್ಯಾಸ್ ಒಪ್ಪಂದ ವರ್ಷವಿಡೀ "ತಿಂದರೂ ಬಿಟ್ಟರೂ ದುಡ್ಡು ಕೊಡು" ಅನ್ನುವ ಥರ ಬೇಡ. ಅಕ್ಟೋಬರ್ ಮತ್ತು ಮಾರ್ಚ್‌ನಿಂದ ಮೇ ವರೆಗಿನ ತಿಂಗಳಿಗೆ ಮೊದಲೇ ಮಾಡಿಡಿ. 2022ರಲ್ಲಿ ಯುಕ್ರೇನ್ ಯುದ್ಧದ ವೇಳೆ ಗ್ಯಾಸಿನ ಬೆಲೆ ಎಲ್ಲಿಗೆ ಹೋಯಿತು ಅಂತ ನೋಡಿದ್ದೇವೆ. ಬಾಯಾರಿದಾಗ ಬಾವಿ ತೋಡಿದರೆ ಆಗುವುದಿಲ್ಲ.

3. ಓಡುವ ಗಂಟೆಗೆ ಮಿತಿ ಹಾಕಿ. ಇಲ್ಲದಿದ್ದರೆ ನಾಳೆ ಯಾರೋ ಒಬ್ಬರು ಇದನ್ನು ವರ್ಷವಿಡೀ ಓಡಿಸಿ, ಗೆಳೆಯರ ಪಕ್ಷ ಹೇಳಿದ್ದೇ ನಿಜ ಅಂತ ಮಾಡುತ್ತಾರೆ.

4. ಇಷ್ಟಾದ ಮೇಲೂ ರೈತರ ತ್ರೀ ಫೇಸ್ ಕಡಿದರೆ ಅದನ್ನೂ ಲೆಕ್ಕದಲ್ಲಿ ಬರೆಯಿರಿ. ಎಷ್ಟು ಮೆಗಾವ್ಯಾಟ್, ಎಷ್ಟು ಗಂಟೆ, ಯಾವ ತಾಲೂಕು. ಬಾಡಿಗೆ ಕೊಡದಿದ್ದರೂ ಪರವಾಗಿಲ್ಲ, ಸ್ಟ್ಯಾಂಡ್‌ಬೈ ಆಗಿದ್ದವನು ಯಾರು ಅಂತಾದರೂ ದಾಖಲಾಗಲಿ.

*

ಮನೆಒಕ್ಕಲಿನ ಮರುದಿನ ಭಾನುವಾರ. ಬೆಳಗ್ಗೆ ಚಾ ಕುಡಿದು ಅಪ್ಪ ಕೆರೆ ಬದಿಗೆ ಹೋದರು. ಅಲ್ಲಿ ನಮ್ಮ ಹಳೆಯ ಡೀಸೆಲ್ ಪಂಪು ಉಂಟು. ಆ ದಿನ ಕರೆಂಟ್ ಇತ್ತು, ಪಂಪಿನ ಅಗತ್ಯವೇ ಇರಲಿಲ್ಲ. ಆದರೂ ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡಿ, ಐದು ನಿಮಿಷ ಓಡಿಸಿ, ಆಫ್ ಮಾಡಿ ಎಣ್ಣೆ ಒರೆಸಿದರು. ಪ್ರತಿ ಭಾನುವಾರ ಇದೇ. "ಎಂತಕ್ಕೆ ಅಪ್ಪ ಸುಮ್ಮನೆ ಡೀಸೆಲ್ ದಂಡ?" ಅಂತ ಬೇಕೆಂದೇ ಕೇಳಿದೆ.

"ಬೇಕಾದ ದಿನ ಸ್ಟಾರ್ಟ್ ಆಗದಿದ್ರೆ ಇದು ಪಂಪು ಅಲ್ಲ ಮಗ, ಗುಜಿರಿ" ಅಂದರು.

ಮುಂದಿನ ಬೇಸಿಗೆಯಲ್ಲಿ ಗಾಳಿ ನಿಂತ ದಿನ ಬೆಂಗಳೂರಿನಿಂದ ಫೋನ್ ಹೋಗುವುದು ಯಲಹಂಕಕ್ಕಾ, ಅಥವಾ ಅಪ್ಪನ ತ್ರೀ ಫೇಸ್ ಹೋಗುವುದಾ? ನಾನಂತೂ ನೋಡುತ್ತಾ ಇರುತ್ತೇನೆ. ನೀವೇನಂತೀರಿ?